ಖಗೋಳಶಾಸ್ತ್ರ ಕಲಿತರೆ ಮುಂದೇನು?

ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸಿಂಗ್, ಇಂಜಿನಿಯರಿಂಗ್, ಗಲ್ಫ್ ಎಂಬ ಮಾತುಗಳೇ ಕೇಳಿಬರುತ್ತವೆ. ಇದರ ನಡುವೆ ಮಗಳೊಬ್ಬಳು ಖಗೋಳಶಾಸ್ತ್ರ ಓದುತ್ತೇನೆ ಎಂದರೆ ಹೆತ್ತವರು ಗಾಬರಿಯಾಗುವುದು ಸಹಜ. ವಿಶ್ವಾಸ ಉಳಿದೀತೇ? ಹೊಟ್ಟೆ ತುಂಬೀತೇ? ಈ ಎರಡು ಪ್ರಶ್ನೆಗಳಿಗೆ ಉತ್ತರಿಸಲು ಬಯಸುತ್ತೇವೆ.

ಖಗೋಳಶಾಸ್ತ್ರ ಜ್ಯೋತಿಷ್ಯವಲ್ಲ. ಜ್ಯೋತಿಷ್ಯವನ್ನು ಧರ್ಮಸಭೆ ತಿರಸ್ಕರಿಸುತ್ತದೆ. ಖಗೋಳಶಾಸ್ತ್ರಕ್ಕಾದರೋ ವ್ಯಾಟಿಕನ್ ತನ್ನದೇ ವೀಕ್ಷಣಾಲಯ ಹೊಂದಿದೆ. 1891ರಲ್ಲಿ ಪೋಪ್ 13ನೇ ಲಿಯೋ ಅದನ್ನು ಪುನರ್‌ಸ್ಥಾಪಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಅದರ ನಿರ್ದೇಶಕರಾದ ವಂ. ರಿಚರ್ಡ್ ಡಿಸೋಜ ನೆರೆಯ ಗೋವಾ ಪ್ರಾಂತ್ಯದ ಯೇಸುಸಭೆಯ ಗುರುಗಳು. ಮುಂಬೈಯ ಸೈಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಜರ್ಮನಿಯಲ್ಲಿ ಡಾಕ್ಟರೇಟ್ ಪಡೆದು, ಗ್ಯಾಲಕ್ಸಿಗಳು ಒಂದರೊಡನೊಂದು ಬೆರೆಯುವ ಬಗೆಯನ್ನು ಸಂಶೋಧಿಸಿದವರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಪ್ರತಿಪಾದಿಸಿದ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕೂಡ ಗುರುಗಳೇ. ಆದುದರಿಂದ ದೂರದರ್ಶಕ ಹಿಡಿದವರು ದೇವರನ್ನು ಬಿಡಬೇಕೆಂದಿಲ್ಲ.

ಇನ್ನು ಓದಿನ ದಾರಿ. ನಮ್ಮಲ್ಲಿ ಹೆಚ್ಚಿನವರು ಈ ಕ್ಷೇತ್ರಕ್ಕೆ ಬರುವುದು ಭೌತಶಾಸ್ತ್ರದ ಪದವಿಯ ಮೂಲಕ. ಆದ್ದರಿಂದ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಬೇಕೇ ಬೇಕು. ನಕ್ಷತ್ರ ನೋಡುವ ಆಸೆಯೊಂದೇ ಸಾಲದು. ದಿನದ ಹೆಚ್ಚಿನ ಹೊತ್ತು ಗಣಿತ ಮತ್ತು ಕಂಪ್ಯೂಟರ್ ಮುಂದೆಯೇ ಕಳೆಯುತ್ತದೆ. ಬಿ.ಎಸ್ಸಿ. ನಂತರ ಎಂ.ಎಸ್ಸಿ., ಬಳಿಕ ಜೆಸ್ಟ್ ಅಥವಾ ನೆಟ್‌ನಂತಹ ಪರೀಕ್ಷೆ ಬರೆದು ಪಿಹೆಚ್‌ಡಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಐಯುಕಾ ಇದಕ್ಕೆ ಹೆಸರಾದವು. ಪಿಹೆಚ್‌ಡಿಗೆ ಐದಾರು ವರ್ಷ ಬೇಕಾದರೂ ಶಿಷ್ಯವೇತನವಿದೆ: ನೆಟ್ ಮೂಲಕ ಸಿಗುವ ಜೆಆರ್‌ಎಫ್ ಮೊತ್ತವನ್ನು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಲಾಯಿತು.

ಉದ್ಯೋಗದ ವಿಷಯದಲ್ಲಿ ಸತ್ಯ ಹೇಳಬೇಕು. ವೀಕ್ಷಣಾಲಯಗಳಲ್ಲಿ ಖಾಯಂ ಹುದ್ದೆಗಳು ಕಡಿಮೆ, ಸ್ಪರ್ಧೆ ಹೆಚ್ಚು. ಆದರೆ ಕಲಿತದ್ದು ವ್ಯರ್ಥವಾಗದು. ಕಾಲೇಜು ಅಧ್ಯಾಪನ, ಬಾಹ್ಯಾಕಾಶ ಯೋಜನೆಗಳು, ತಾರಾಲಯ, ದತ್ತಾಂಶ ವಿಶ್ಲೇಷಣೆ, ಸಾಫ್ಟ್‌ವೇರ್ ಎಲ್ಲವೂ ತೆರೆದಿವೆ. 2023ರಲ್ಲಿ ಹಾರಿದ ಆದಿತ್ಯ-ಎಲ್1 ನೌಕೆಯ ಪ್ರಧಾನ ಉಪಕರಣವನ್ನು ರೂಪಿಸಿದ್ದು ಮೇಲೆ ಹೇಳಿದ ಭಾರತೀಯ ಖಭೌತ ಸಂಸ್ಥೆಯೇ.

ಧರ್ಮಕೇಂದ್ರಗಳ ಯುವಜನ ಸಂಚಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂದಿನ ವೃತ್ತಿ ಮಾರ್ಗದರ್ಶನ ಶಿಬಿರಕ್ಕೆ ಭೌತಶಾಸ್ತ್ರದ ಉಪನ್ಯಾಸಕರೊಬ್ಬರನ್ನೂ ಕರೆಯಿರಿ. ಮಕ್ಕಳನ್ನು ಒಮ್ಮೆ ಪಿಲಿಕುಳದ ತಾರಾಲಯಕ್ಕೆ ಕರೆದೊಯ್ಯಿರಿ. ಹೆತ್ತವರೇ, ಬೇಡ ಎನ್ನುವ ಮೊದಲು ಮಗುವಿನ ಗಣಿತದ ಅಂಕ ನೋಡಿ, ಆಸಕ್ತಿ ಕೇಳಿ. ದೇವರಿತ್ತ ಪ್ರತಿಭೆಯನ್ನು ಹೂತಿಡುವುದು ಬೇಡ.