ಅಪ್‌ಗ್ರೇಡ್ ಆದ ಮೇಲೂ ಉಳಿಯುವ ಹಳೆಯ ತೇಪೆಗಳು

ಫೈರ್‌ವಾಲ್‌ನ ತಂತ್ರಾಂಶದಲ್ಲಿ ದೋಷ ಕಂಡಾಗ ಹೊಸ ಆವೃತ್ತಿ ಬರುವವರೆಗೆ ಕಾಯಬಹುದು, ಇಲ್ಲವೇ ತಪ್ಪಿರುವ ಕೆಲವೇ ಸಾಲುಗಳನ್ನು ತಿದ್ದುವ ಪ್ಯಾಚನ್ನು ಕೈಯಾರೆ ಹಾಕಿಕೊಳ್ಳಬಹುದು. ಬಹಳ ದಿನ ಕಾಯುವುದು ಎಷ್ಟೋ ಸಲ ಸಾಧ್ಯವಾಗುವುದಿಲ್ಲ. ಉಚಿತವಾಗಿ ಸಿಗುವ ಪಿಎಫ್‌ಸೆನ್ಸ್ ಫೈರ್‌ವಾಲ್‌ನ ಸಮುದಾಯ ಆವೃತ್ತಿ 2.6.0 ಹೊರಬಂದದ್ದು 2022ರ ಫೆಬ್ರವರಿಯಲ್ಲಿ, 2.7.0 ಬಂದದ್ದು 2023ರ ಜೂನ್ ಕೊನೆಗೆ. ನಡುವಿನ ಹದಿನಾರು ತಿಂಗಳು ಗೊತ್ತಿರುವ ದೋಷವನ್ನು ಹಾಗೇ ಬಿಡುವುದು ಯಾವ ಜಾಲಕ್ಕೂ ಒಳ್ಳೆಯದಲ್ಲ. ಆದ್ದರಿಂದ ಪ್ಯಾಚ್ ಹಾಕುವುದು ಸರಿಯಾದ ಕ್ರಮವೇ. ತೊಡಕು ಶುರುವಾಗುವುದು ಹೊಸ ಆವೃತ್ತಿ ಬಂದ ಮೇಲೆ.

ಪ್ಯಾಚ್, ಅಂದರೆ ತೇಪೆ, ಎಂಬುದು ಒಂದು ಚಿಕ್ಕ ಪಠ್ಯ ಕಡತ. ತೆಗೆಯಬೇಕಾದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಬೇಕಾದ ಸಾಲಿನ ಮುಂದೆ ಕೂಡುವ ಚಿಹ್ನೆ. ಜಾಗ ಗುರುತಿಸಲೆಂದು ಮೇಲೂ ಕೆಳಗೂ ಸಾಮಾನ್ಯವಾಗಿ ಮೂರು ಮೂರು ಸಾಲು ಬದಲಾಗದ ಪಠ್ಯ. ಎರಡು ಕಡತಗಳ ವ್ಯತ್ಯಾಸ ಹುಡುಕುವ ‘ಡಿಫ್’ 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿತು. ಆ ವ್ಯತ್ಯಾಸವನ್ನು ಇನ್ನೊಂದು ಕಂಪ್ಯೂಟರಿನ ಕಡತಕ್ಕೆ ಕೂರಿಸುವ ‘ಪ್ಯಾಚ್’ ಎಂಬ ಪ್ರೋಗ್ರಾಮನ್ನು ಲ್ಯಾರಿ ವಾಲ್ 1985ರಲ್ಲಿ ಬರೆದರು. ಈ ಪ್ರೋಗ್ರಾಮಿಗೆ ಸಾಲುಗಳ ಅರ್ಥ ತಿಳಿಯುವುದಿಲ್ಲ. ಅಕ್ಕಪಕ್ಕದ ಪಠ್ಯ ಹೊಂದುತ್ತದೆಯೇ ಎಂದಷ್ಟೇ ನೋಡುತ್ತದೆ. ಪೂರ್ತಿ ಹೊಂದದಿದ್ದರೂ ಆಚೀಚೆ ಹುಡುಕಿ ಹತ್ತಿರದ ಜಾಗದಲ್ಲಿ ಕೂರಿಸುವಷ್ಟು ಸಡಿಲ ಅದಕ್ಕಿದೆ. ಉಪಕಾರವೂ ಅಪಾಯವೂ ಇರುವುದು ಈ ಸಡಿಲದಲ್ಲೇ.

ಪಿಎಫ್‌ಸೆನ್ಸ್‌ನಲ್ಲಿ ಈ ಕೆಲಸಕ್ಕೆ ‘ಸಿಸ್ಟಮ್ ಪ್ಯಾಚಸ್’ ಎಂಬ ಪ್ಯಾಕೇಜ್ ಇದೆ. ತಿದ್ದುಪಡಿಯ ಕಮಿಟ್ ಗುರುತನ್ನು, ಅಂದರೆ ಕೋಡ್ ಭಂಡಾರದಲ್ಲಿ ಆ ಬದಲಾವಣೆಗಿರುವ ಗುರುತನ್ನು, ಕೊಟ್ಟರೆ ಅದು ಪ್ಯಾಚನ್ನು ತಂದುಕೊಳ್ಳುತ್ತದೆ. ಪಠ್ಯವನ್ನು ನೇರವಾಗಿ ಅಂಟಿಸಲೂಬಹುದು. ಇಲ್ಲಿ ಗಮನಿಸಬೇಕಾದ್ದು, ಒಂದೇ ಪ್ಯಾಚಿನ ಗುರುತು ಎರಡು ಕಡೆ ಉಳಿಯುತ್ತದೆ ಎಂಬುದು. ತಿದ್ದಿದ ಸಾಲುಗಳು ವ್ಯವಸ್ಥೆಯ ಕಡತಗಳಲ್ಲಿರುತ್ತವೆ. ಪ್ಯಾಚ್‌ಗಳ ಪಟ್ಟಿ ಮಾತ್ರ ಸಂರಚನೆಯ ಕಡತದಲ್ಲಿ, ಅಂದರೆ ಫೈರ್‌ವಾಲ್‌ನ ನಿಯಮಗಳು ಇರುವಲ್ಲೇ ಇರುತ್ತದೆ. ಅಪ್‌ಗ್ರೇಡ್ ಮಾಡಿದಾಗ ವ್ಯವಸ್ಥೆಯ ಕಡತಗಳೆಲ್ಲ ಹೊಸದಾಗುತ್ತವೆ, ಸಂರಚನೆ ಹಾಗೇ ಮುಂದುವರಿಯುತ್ತದೆ. ಫಲವಾಗಿ ತೇಪೆ ಹೋಗಿರುತ್ತದೆ, ತೇಪೆಯ ಲೆಕ್ಕ ಉಳಿದಿರುತ್ತದೆ. ಹಳೆಯ ಬ್ಯಾಕಪ್ಪನ್ನು ಹೊಸ ಯಂತ್ರಕ್ಕೆ ಹಾಕಿದಾಗಲೂ ಇದೇ ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ಮೋಸದ ಜಾಗ ಇಲ್ಲಿದೆ. ಹೊಸ ಆವೃತ್ತಿಯಲ್ಲಿ ಆ ತಿದ್ದುಪಡಿಯನ್ನು ತಯಾರಕರೇ ಸೇರಿಸಿದ್ದರೆ, ಪ್ಯಾಚ್ ಪ್ರೋಗ್ರಾಮಿನ ಕಣ್ಣಿಗೆ ಅದು ‘ಈಗಾಗಲೇ ಹಾಕಿರುವ’ ಪ್ಯಾಚ್. ಪರದೆಯ ಮೇಲೆ ಪ್ಯಾಚನ್ನು ಹಿಂತೆಗೆಯುವ ‘ರಿವರ್ಟ್’ ಬಟನ್ ಕಾಣಿಸುತ್ತದೆ. ಹಳೆಯದನ್ನು ಶುಚಿ ಮಾಡೋಣವೆಂದು ಅದನ್ನು ಒತ್ತಿದರೆ, ಅಧಿಕೃತ ಆವೃತ್ತಿಯಲ್ಲೇ ಬಂದಿದ್ದ ತಿದ್ದುಪಡಿ ಕಿತ್ತುಹೋಗಿ ಹಳೆಯ ದೋಷ ಮತ್ತೆ ಜೀವ ಪಡೆಯುತ್ತದೆ. ಮಾಡಬೇಕಾದ್ದು ರಿವರ್ಟ್ ಅಲ್ಲ, ಪಟ್ಟಿಯಿಂದ ಆ ನಮೂದನ್ನು ಅಳಿಸುವುದು. ನಮೂದನ್ನು ಅಳಿಸಿದರೆ ಕಡತಗಳಿಗೆ ಏನೂ ಆಗುವುದಿಲ್ಲ.

ಹೊಸ ಆವೃತ್ತಿಯಲ್ಲಿ ತಿದ್ದುಪಡಿ ಸೇರಿರದಿದ್ದರೆ ಮಾತು ಬೇರೆ. ಆಗ ಮೊದಲು ಪರೀಕ್ಷೆಯ ಬಟನ್ ಒತ್ತಿ, ಪ್ಯಾಚ್ ಸರಿಯಾಗಿ ಕೂರುವುದು ಖಚಿತವಾದ ಮೇಲಷ್ಟೇ ಮತ್ತೆ ಹಾಕಬೇಕು. ಕೂರದಿದ್ದರೆ ಬಲವಂತ ಮಾಡದೆ, ಹೊಸ ಆವೃತ್ತಿಗೆಂದೇ ಬರೆದ ಪ್ಯಾಚನ್ನು ಹುಡುಕಬೇಕು. 2.7.0ರಲ್ಲಿ ಪಿಎಚ್‌ಪಿ ಭಾಷೆಯ ಆವೃತ್ತಿಯೇ 7.4ರಿಂದ 8.2ಕ್ಕೆ ಏರಿತು, ಹಳೆಯ ಕೋಡಿಗೆ ಬರೆದ ಸಾಲುಗಳು ಅಲ್ಲಿ ನಡೆಯುತ್ತವೆಂಬ ಭರವಸೆಯಿಲ್ಲ. ಪಿಎಫ್‌ಸೆನ್ಸ್‌ನ ಪರದೆಗಳಷ್ಟೇ ಅಲ್ಲ, ಯಾವ ಸಂಚಾರವನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳ ಪಟ್ಟಿಯನ್ನು ಸಿದ್ಧಪಡಿಸುವುದೂ ಪಿಎಚ್‌ಪಿಯೇ. ಒಂದು ಆವರಣ ಚಿಹ್ನೆ ತಪ್ಪಿದರೂ ಎರಡೂ ನಿಂತುಹೋಗಬಹುದು. ಪ್ರತಿ ಬಾರಿ ಯಂತ್ರ ಶುರುವಾದಾಗ ತಾನಾಗಿಯೇ ಪ್ಯಾಚ್ ಹಾಕುವ ‘ಆಟೋ ಅಪ್ಲೈ’ ಸೌಲಭ್ಯವನ್ನು ಅಪ್‌ಗ್ರೇಡಿಗೆ ಮುಂಚೆಯೇ ಆಫ್ ಮಾಡಬೇಕಾದ್ದು ಇದಕ್ಕೇ.

ಇದು ದೊಡ್ಡ ಕಂಪನಿಗಳಷ್ಟೇ ತಲೆ ಕೆಡಿಸಿಕೊಳ್ಳಬೇಕಾದ ವಿಷಯವಲ್ಲ. ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯ ದೊಡ್ಡಆಲಹಳ್ಳಿಯಂಥ ಊರಿನಲ್ಲೂ ಪಹಣಿ, ಪಿಂಚಣಿ, ಬ್ಯಾಂಕ್ ವ್ಯವಹಾರ ಈಗ ನೆಟ್‌ವರ್ಕ್ ಮೇಲೆಯೇ ನಡೆಯುತ್ತವೆ. ರೇಷ್ಮೆ ಬೆಳೆಗಾರರು ಗೂಡು ಒಯ್ಯುವ ರಾಮನಗರ ಮಾರುಕಟ್ಟೆಯಲ್ಲಿ ಹರಾಜು ಕೂಡ ಕಂಪ್ಯೂಟರಿನಲ್ಲೇ. ದಾರಿಯ ನಡುವೆ ಎಲ್ಲೋ ಇರುವ ಫೈರ್‌ವಾಲ್ ಕೆಟ್ಟರೆ ಕಿಟಕಿಯ ಮುಂದೆ ನಿಂತವರಿಗೆ ಕೇಳಿಸುವುದು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು. ಆ ದಿನದ ಕೂಲಿ ಬಿಟ್ಟು ಬಂದವರಿಗೆ ಅದು ಸಣ್ಣ ನಷ್ಟವಲ್ಲ.

ಆದ್ದರಿಂದ ಕೆಲಸಕ್ಕೆ ಒಂದು ಕ್ರಮ ಬೇಕು. ಪ್ಯಾಚ್ ಹಾಕಿದ ದಿನವೇ ಯಾವ ದೋಷಕ್ಕೆ, ಯಾವ ಗುರುತಿನ ಪ್ಯಾಚ್, ಯಾವ ಆವೃತ್ತಿಯ ಮೇಲೆ, ಯಾರು ಹಾಕಿದರು ಎಂದು ಬರೆದಿಡಬೇಕು. ಅಪ್‌ಗ್ರೇಡಿಗೆ ಮುಂಚೆ ಈ ಪಟ್ಟಿಯನ್ನು ಹೊಸ ಆವೃತ್ತಿಯ ಬಿಡುಗಡೆ ಟಿಪ್ಪಣಿಯೊಂದಿಗೆ ಹೋಲಿಸಿದರೆ ಯಾವುದು ಸೇರಿದೆ, ಯಾವುದು ಬಾಕಿ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಸಂರಚನೆಯ ಬ್ಯಾಕಪ್ಪನ್ನು ಬೇರೆ ಕಂಪ್ಯೂಟರಿನಲ್ಲಿ ಇಡಬೇಕು. ಲಾಗ್‌ಗಳನ್ನೂ ನಕಲು ಮಾಡಿಕೊಳ್ಳಬೇಕು: 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಉಳಿಸಿಕೊಳ್ಳುವುದು ಕಡ್ಡಾಯ. ಜೋಡಿ ಫೈರ್‌ವಾಲ್ ಇರುವಲ್ಲಿ ಮೊದಲು ಮೀಸಲು ಯಂತ್ರವನ್ನು ಅಪ್‌ಗ್ರೇಡ್ ಮಾಡಿ ನೋಡಬೇಕು. ಎರಡರ ಪಟ್ಟಿಗಳನ್ನೂ ಪ್ರತ್ಯೇಕವಾಗಿ ಪರಿಶೀಲಿಸಬೇಕು.

ವಾಣಿಜ್ಯ ಫೈರ್‌ವಾಲ್‌ಗಳಲ್ಲಿ ತೊಂದರೆ ತಿರುಗುಮುರುಗಾಗುತ್ತದೆ. ಒಬ್ಬ ಗ್ರಾಹಕನಿಗೆಂದೇ ಕೊಟ್ಟ ತುರ್ತು ತಿದ್ದುಪಡಿ, ಅಂದರೆ ಹಾಟ್‌ಫಿಕ್ಸ್, ಮುಂದಿನ ಆವೃತ್ತಿಯಲ್ಲಿ ಸೇರಿರದಿದ್ದರೆ, ಅಪ್‌ಗ್ರೇಡ್ ಆದ ಕ್ಷಣ ಅದು ಮಾಯವಾಗಿ ಮುಚ್ಚಿದ್ದ ಬಾಗಿಲು ಮತ್ತೆ ತೆರೆದುಕೊಳ್ಳುತ್ತದೆ. ಅಂಥಲ್ಲಿ ತಯಾರಕರಿಂದ ಹೊಸ ಆವೃತ್ತಿಗೆ ತಕ್ಕ ಹಾಟ್‌ಫಿಕ್ಸ್ ಕೈಗೆ ಬರುವವರೆಗೆ ಅಪ್‌ಗ್ರೇಡ್ ಮಾಡಬಾರದು.

ದೂರದ ಕಚೇರಿಯ ಯಂತ್ರವಾದರೆ ಇನ್ನೂ ಒಂದು ಎಚ್ಚರ ಬೇಕು. ಬೆಂಗಳೂರಿನಲ್ಲಿ ಕುಳಿತು ಹಳ್ಳಿಯ ಫೈರ್‌ವಾಲ್ ಅನ್ನು ನಿರ್ವಹಿಸುವವರ ಸಂಪರ್ಕವೂ ಅದೇ ಫೈರ್‌ವಾಲ್ ಮೂಲಕವೇ ಹಾದುಹೋಗುತ್ತದೆ. ಅದು ನಿಂತರೆ ರಿಪೇರಿಯ ದಾರಿಯೂ ಮುಚ್ಚಿತು. ಕಚೇರಿಗೆ ರಜೆಯಿರುವ, ಆದರೆ ಕನ್ಸೋಲ್ ಕೇಬಲ್ ಹಿಡಿದು ಯಂತ್ರದ ಬಳಿ ನಿಲ್ಲಬಲ್ಲ ಒಬ್ಬರಾದರೂ ಸ್ಥಳದಲ್ಲಿರುವ ದಿನವನ್ನೇ ಅಪ್‌ಗ್ರೇಡಿಗೆ ಆರಿಸಿಕೊಳ್ಳಬೇಕು.