ಅಂಟು ಮತ್ತು ನಂಟು: ಮುಂಬಯಿ ನಗರಪಾಲಿಕೆ ಎದುರಿಸಿದ ಎರಡು ಮಾರಿಗಳು

ಕನ್ನಡದಲ್ಲಿ ‘ಅಂಟು’, ‘ನಂಟು’ ಎಂಬ ಎರಡು ಮಾತುಗಳು ಅಕ್ಕತಂಗಿಯರಂತೆ ಜೊತೆಯಾಗಿಯೇ ಓಡಾಡುತ್ತವೆ. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ತಗಲುವುದು ಅಂಟು. ಒಬ್ಬರ ಬಾಳು ಇನ್ನೊಬ್ಬರ ಬಾಳಿನೊಡನೆ ಹೆಣೆದುಕೊಳ್ಳುವುದು ನಂಟು. ಅಂಟುಜಾಡ್ಯವು ಹಬ್ಬುವುದು ನಂಟಿನ ದಾರಿಯಲ್ಲಿಯೇ. ಆದುದರಿಂದ ರೋಗ ಕಾಲಿಟ್ಟೊಡನೆ ಆಳುವವರಿಗೆ ಮೊದಲು ಹೊಳೆಯುವ ಉಪಾಯವೆಂದರೆ ನಂಟನ್ನು ಕಡಿದುಹಾಕುವುದು: ಬಾಗಿಲು ಮುಚ್ಚಿಸುವುದು, ರೋಗಿಯನ್ನು ಮನೆಯವರಿಂದ ಬೇರ್ಪಡಿಸುವುದು, ಬೀದಿಗೆ ಅಡ್ಡಗಟ್ಟುವುದು. ಇದರಲ್ಲಿ ಸ್ವಲ್ಪ ಮಟ್ಟಿಗೆ ಅನಿವಾರ್ಯತೆಯಿದೆ. ಆದರೆ ನಂಟನ್ನು ಪೂರ್ತಿಯಾಗಿ ಕಡಿದ ನಗರದಲ್ಲಿ ರೋಗ ನಿಲ್ಲುವುದಿಲ್ಲ, ಅಡಗಿಕೊಳ್ಳುತ್ತದೆ. ಈ ಮಾತಿಗೆ ಮುಂಬಯಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ನೂರಿಪ್ಪತ್ತನಾಲ್ಕು ವರ್ಷಗಳ ಅಂತರದಲ್ಲಿ ಆ ನಗರದ ಪಾಲಿಕೆ ಎರಡು ಮಹಾಮಾರಿಗಳನ್ನು ಎದುರಿಸಿತು. ಒಂದು ಪ್ಲೇಗು, ಇನ್ನೊಂದು ಕೊರೋನಾ.

ಮೊದಲನೆಯದನ್ನು ನೋಡೋಣ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿ ಎಂಬ ಬಂದರಿನ ಬಳಿಯ ಕಿಕ್ಕಿರಿದ ಪೇಟೆಯಲ್ಲಿ ಡಾಕ್ಟರ್ ಅಕೇಸಿಯೋ ವೀಗಸ್ ಎಂಬ ವೈದ್ಯರು ಪ್ಲೇಗನ್ನು ಗುರುತಿಸಿದರು. ಅಕ್ಟೋಬರ್ ಮೊದಲ ವಾರದಲ್ಲಿಯೇ ಪಾಲಿಕೆಯ ಕಮಿಷನರ್ ಸ್ನೋ ಕಠಿಣವಾದ ಆಜ್ಞೆಯನ್ನು ಹೊರಡಿಸಿದರು. ಶಂಕೆಯಿದ್ದ ಮನೆಯನ್ನು ಹೊಕ್ಕು ಶೋಧಿಸಬಹುದು, ರೋಗಿಯನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸಬಹುದು. ಆಸ್ಪತ್ರೆಯೆಂದರೆ ಸಾಯುವುದಕ್ಕೆ ಒಯ್ಯುವ ಸ್ಥಳವೆಂದು ನಂಬಿದ್ದ ಜನ ತತ್ತರಿಸಿದರು. ಅಕ್ಟೋಬರ್ 29ರಂದು ಗಿರಣಿ ಕೂಲಿಗಾರರ ದೊಡ್ಡ ಗುಂಪೊಂದು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಮೇಲೆ ನುಗ್ಗಿತು. ಜನ ರೋಗಿಗಳನ್ನು ಅಟ್ಟದಲ್ಲಿ, ಕೋಣೆಯ ಮೂಲೆಯಲ್ಲಿ ಬಚ್ಚಿಟ್ಟರು. ಮುಂದಿನ ಕೆಲವು ತಿಂಗಳುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನಗರವನ್ನೇ ತೊರೆದರು. ಹೋದವರೊಂದಿಗೆ ರೋಗವೂ ರೈಲು ಹತ್ತಿತು.

ಕಮಿಷನರ್ ಸ್ನೋ ತಮ್ಮ ಆಜ್ಞೆಯನ್ನು ಬಹುಬೇಗ ಸಡಿಲಿಸಬೇಕಾಯಿತು. ಇದಕ್ಕೆ ಗಲಭೆಯೊಂದೇ ಕಾರಣವಲ್ಲ. ಬೀದಿ ಗುಡಿಸುವವರು, ಮಲ ಹೊರುವವರು ಹೆದರಿ ಊರು ಬಿಟ್ಟರೆ ನಗರವು ಒಂದು ದಿನವೂ ನಿಲ್ಲಲಾರದೆಂಬ ಭಯ ಅವರನ್ನು ಕಾಡಿತ್ತು. ಯಾರನ್ನು ನಗರವು ಮುಟ್ಟುವುದಕ್ಕೂ ಹೇಸುತ್ತಿತ್ತೋ ಅವರ ಕೈಯಲ್ಲಿಯೇ ಅದರ ಪ್ರಾಣವಿತ್ತು! ಆಮೇಲೆ ಬೇರೆ ಬೇರೆ ಸಮುದಾಯಗಳು ತಮ್ಮ ತಮ್ಮ ಪ್ಲೇಗಿನ ಆಸ್ಪತ್ರೆಗಳನ್ನು ತೆರೆಯಲು ಅವಕಾಶವಾಯಿತು. ತಮ್ಮವರು ನೋಡಿಕೊಳ್ಳುತ್ತಾರೆಂಬ ಧೈರ್ಯ ಹುಟ್ಟಿದಲ್ಲಿ ಬಾಗಿಲುಗಳು ತಾವಾಗಿ ತೆರೆದುಕೊಳ್ಳತೊಡಗಿದವು.

ಆದರೆ ಸರ್ಕಾರ ಕಲಿತ ಪಾಠ ಬೇರೆಯದು. 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಕೆಲವೇ ಕಲಮುಗಳ, ಒಂದೆರಡು ಪುಟಗಳಿಗೆ ಮೀರದ ಕಾಯಿದೆ. ಅದರಲ್ಲಿ ಅಧಿಕಾರದ ಮಾತುಂಟು, ದಂಡನೆಯ ಮಾತುಂಟು. ರೋಗಿಗೆ ಸಲ್ಲಬೇಕಾದುದರ ಮಾತಿಲ್ಲ. ಪುಣೆಯಲ್ಲಿ ಸೈನಿಕರನ್ನು ಮನೆಮನೆಗೆ ನುಗ್ಗಿಸಿದುದರ ಫಲ ಎಲ್ಲರಿಗೂ ತಿಳಿದಿದೆ. ಅದೇ ವರ್ಷದ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರಾಂಡ್, ಚಾಪೇಕರ್ ಸಹೋದರರ ಗುಂಡಿಗೆ ಗುರಿಯಾದನು. 1898ರಲ್ಲಿ ಪ್ಲೇಗು ರೈಲಿನ ದಾರಿ ಹಿಡಿದು ನಮ್ಮ ಬೆಂಗಳೂರಿಗೂ ಬಂದಿತು. ಇಕ್ಕಟ್ಟಾದ ಹಳೆಯ ಪೇಟೆಯ ಆಚೆಗೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುದರ ಹಿಂದೆ ಆ ಮಾರಿಯ ನೆರಳಿದೆ.

ಇನ್ನು ಎರಡನೆಯ ಮಾರಿ. 2020ರ ಮಾರ್ಚ್ 11ರಂದು ಮುಂಬಯಿಯಲ್ಲಿ ಕೊರೋನಾದ ಮೊದಲ ರೋಗಿಗಳು ಪತ್ತೆಯಾದರು. ಅದಕ್ಕೆ ಒಂದು ದಿನ ಮೊದಲು ಭಾರತದಲ್ಲಿ ಈ ರೋಗಕ್ಕೆ ಸಂದ ಮೊದಲ ಸಾವು ನಮ್ಮ ಕಲಬುರಗಿಯಲ್ಲಿ ಸಂಭವಿಸಿತ್ತು. ಮುಂಬಯಿಯ ಮೊದಲ ರೋಗಿಗಳನ್ನು ಸೇರಿಸಿದ್ದು ಪಾಲಿಕೆಯ ಕಸ್ತೂರಬಾ ಆಸ್ಪತ್ರೆಗೆ. ಅದು ಬೇರೆ ಯಾವುದೂ ಅಲ್ಲ. 1896ರಲ್ಲಿ ಗಿರಣಿ ಕೂಲಿಗಾರರು ನುಗ್ಗಿದ ಆ ಆರ್ಥರ್ ರಸ್ತೆಯ ಆಸ್ಪತ್ರೆಯೇ. ಕರ್ನಾಟಕವೂ ಮಹಾರಾಷ್ಟ್ರವೂ ಕೈಗೆತ್ತಿಕೊಂಡ ಶಾಸನವೂ ಅದೇ 1897ರ ಕಾಯಿದೆ. ಆಸ್ಪತ್ರೆ ಅದೇ, ಕಾಯಿದೆ ಅದೇ. ಹಾಗಾದರೆ ನಡೆದುಕೊಂಡ ರೀತಿಯೂ ಅದೇ ಆಯಿತೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಪ್ರಾರಂಭದಲ್ಲಿ ಬಹುಮಟ್ಟಿಗೆ ಅದೇ ಆಯಿತೆಂದೇ ಹೇಳಬೇಕು. ಮಾರ್ಚ್ 25ರಿಂದ ದೇಶವೇ ಬಾಗಿಲು ಮುಚ್ಚಿತು. ಕೂಲಿಯಿಲ್ಲದೆ ಕುಳಿತ ವಲಸೆಗಾರರು ಏಪ್ರಿಲ್ 14ರಂದು ಊರಿಗೆ ಕಳುಹಿಸಿರೆಂದು ಬಾಂದ್ರಾ ನಿಲ್ದಾಣದ ಬಳಿ ನೆರೆದರು. ಅವರನ್ನು ಚದುರಿಸಿದ್ದು ಲಾಠಿ. ಮೇ ತಿಂಗಳಿನಲ್ಲಿ ಪಾಲಿಕೆಯ ಆಸ್ಪತ್ರೆಯೊಂದರಲ್ಲಿ ಶವಗಳ ಪಕ್ಕದಲ್ಲಿಯೇ ರೋಗಿಗಳು ಮಲಗಿದ್ದ ದೃಶ್ಯವನ್ನು ನಾಡೆಲ್ಲ ನೋಡಿತು. ಕಮಿಷನರು ಬದಲಾದರು, ಇಕ್ಬಾಲ್ ಸಿಂಗ್ ಚಾಹಲ್ ಆ ಸ್ಥಾನಕ್ಕೆ ಬಂದರು. ಜೂನ್ ಮಧ್ಯದಲ್ಲಿ, ಹಿಂದೆ ಲೆಕ್ಕಕ್ಕೆ ಸೇರದಿದ್ದ 862 ಸಾವುಗಳನ್ನು ಮುಂಬಯಿಯ ಪಟ್ಟಿಗೆ ಸೇರಿಸಬೇಕಾಯಿತು. ಸತ್ತವರ ಲೆಕ್ಕ ತಪ್ಪಿದಾಗ ಬದುಕಿರುವವರ ನಂಬಿಕೆ ಕುಸಿಯುತ್ತದೆ. ಲೆಕ್ಕವನ್ನು ತಿದ್ದಿ ಪ್ರಕಟಿಸಿದ್ದು ತಡವಾದರೂ ಸರಿಯಾದ ಕೆಲಸ.

ತಿರುವು ಕಂಡುಬಂದದ್ದು ಪಾಲಿಕೆ ಮೇಲಿನಿಂದ ಕೆಳಗಿಳಿದು ವಾರ್ಡಿಗೆ ಬಂದಾಗ. ಆಗ ಮುಂಬಯಿಯ ಆಡಳಿತ 24 ವಾರ್ಡುಗಳಲ್ಲಿ ಹಂಚಿತ್ತು. ಒಂದೊಂದೂ ಒಂದು ದೊಡ್ಡ ಪಟ್ಟಣಕ್ಕೆ ಸಮ. ಮೊದಲು ಇಡೀ ನಗರದ ರೋಗಿಗಳು ಹಾಸಿಗೆಗಾಗಿ ಒಂದೇ ಸಹಾಯವಾಣಿಗೆ ಮೊರೆಯಿಡಬೇಕಾಗಿತ್ತು. ಜೂನಿನಲ್ಲಿ ಪ್ರತಿ ವಾರ್ಡಿಗೂ ಒಂದು ‘ವಾರ್ ರೂಮ್’ ಸ್ಥಾಪಿತವಾಯಿತು. ಪ್ರಯೋಗಶಾಲೆಗಳ ವರದಿ ಮೊದಲು ಪಾಲಿಕೆಗೆ ಬಂದು, ಅಲ್ಲಿಂದ ವಾರ್ಡುವಾರು ವಿಂಗಡವಾಗಿ, ವಾರ್ಡಿನ ವೈದ್ಯರ ತಂಡ ರೋಗಿಯ ಮನೆಯನ್ನು ತಲುಪುತ್ತಿತ್ತು. ಯಾರಿಗೆ ಮನೆಯೇ ಸಾಕು, ಯಾರಿಗೆ ಆಮ್ಲಜನಕ ಬೇಕು ಎಂದು ಅಲ್ಲಿಯೇ ನಿಶ್ಚಯವಾಗುತ್ತಿತ್ತು. ತನ್ನ ಮೈಯ ವರದಿ ತನಗಿಂತ ಮೊದಲು ಪಾಲಿಕೆಗೆ ಹೋಗುವುದು ಸರಿಯೇ ಎಂಬ ಆಕ್ಷೇಪಣೆ ಬಂದಿತು. ಅದು ನ್ಯಾಯವಾದ ಆಕ್ಷೇಪಣೆಯೇ. ಆದರೆ ಹಣವೋ ವಶೀಲಿಯೋ ಉಳ್ಳವನು ವರದಿ ಹಿಡಿದು ಓಡಿ, ಅಗತ್ಯವಿಲ್ಲದಿದ್ದರೂ ಹಾಸಿಗೆ ಹಿಡಿಯುವುದನ್ನು ಇದು ಸಾಕಷ್ಟು ತಡೆಯಿತು. ‘ವಾರ್ ರೂಮ್’ ಎಂದರೆ ಯುದ್ಧದ ಕೋಣೆ. ಅಲ್ಲಿ ನಡೆದದ್ದು ಮಾತ್ರ ಯುದ್ಧವಲ್ಲ, ಊರ ಹಿರಿಯರು ಮನೆಮನೆಯ ಕಷ್ಟ ವಿಚಾರಿಸುವಂಥ ಕೆಲಸ.

ಧಾರಾವಿಯ ಕಥೆ ಇದರ ಅತ್ಯಂತ ಕಠಿಣವಾದ ಪರೀಕ್ಷೆ. ಸುಮಾರು ಎರಡೂವರೆ ಚದರ ಕಿಲೋಮೀಟರು ನೆಲ. ಅದರಲ್ಲಿ ಎಂಟರಿಂದ ಹತ್ತು ಲಕ್ಷ ಜನರೆಂದು ಅಂದಾಜು. ಗುಜರಾತಿನಿಂದ ಬಂದ ಕುಂಬಾರರು, ತಮಿಳುನಾಡಿನಿಂದ ಬಂದ ಚರ್ಮದ ಕೆಲಸಗಾರರು, ಉತ್ತರ ಭಾರತದ ದರ್ಜಿಗಳು, ನಮ್ಮ ನಾಡಿನಿಂದ ಹೊಟ್ಟೆಪಾಡಿಗೆ ಹೋದವರು ಎಲ್ಲರೂ ಅಲ್ಲಿದ್ದಾರೆ. ಬಹುಪಾಲು ಜನರಿಗೆ ಸಾರ್ವಜನಿಕ ಶೌಚಾಲಯವೇ ಗತಿ. ಹತ್ತಡಿಯ ಕೋಣೆಯಲ್ಲಿ ಎಂಟು ಮಂದಿ ಮಲಗುವಲ್ಲಿ ‘ದೂರವಿರಿ’ ಎಂಬ ಉಪದೇಶಕ್ಕೆ ಅರ್ಥವೇನು? ಏಪ್ರಿಲ್ 1ರಂದು ಅಲ್ಲಿ ಮೊದಲ ರೋಗಿ ಪತ್ತೆಯಾದಾಗ ಧಾರಾವಿ ಸ್ಮಶಾನವಾಗುವುದೆಂದೇ ಹಲವರು ಭಾವಿಸಿದರು.

ಧಾರಾವಿಯನ್ನೂ ದಾದರ್, ಮಾಹಿಮ್‌ಗಳನ್ನೂ ಒಳಗೊಂಡ ‘ಜಿ ಉತ್ತರ’ ವಾರ್ಡಿನ ಮುಖ್ಯಸ್ಥರಾಗಿ ಆಗ ಇದ್ದವರು ಕಿರಣ್ ದಿಘಾವ್ಕರ್. ರೋಗಿ ಬರಲೆಂದು ಕಾಯದೆ ತಾವೇ ರೋಗವನ್ನು ಹುಡುಕಿಕೊಂಡು ಹೋಗುವುದು ಇಲ್ಲಿ ಕೈಗೊಂಡ ನೀತಿ. ಹುಡುಕುವವರು ಯಾರೆಂಬುದೇ ಮುಖ್ಯ. 1897ರ ಪುಣೆಯಲ್ಲಿ ಬಾಗಿಲು ತಟ್ಟಿದವರು ಸೈನಿಕರು. ಇಲ್ಲಿ ತಟ್ಟಿದವರು ಅದೇ ಓಣಿಗಳಲ್ಲಿ ವರ್ಷಗಟ್ಟಲೆ ಔಷಧಾಲಯ ನಡೆಸಿದ್ದ ಖಾಸಗಿ ವೈದ್ಯರು ಮತ್ತು ಅತ್ಯಲ್ಪ ಗೌರವಧನಕ್ಕೆ ದುಡಿಯುವ ಆರೋಗ್ಯ ಸ್ವಯಂಸೇವಿಕೆಯರು. ಪರಿಚಿತ ಮುಖಕ್ಕೆ ಜನ ಬಾಗಿಲು ತೆರೆದರು. ಜ್ವರದ ಶಿಬಿರಗಳು ನಡೆದವು. ಶಾಲೆ, ಮದುವೆ ಮಂಟಪ, ಕ್ರೀಡಾ ಸಂಕೀರ್ಣಗಳು ಶಂಕಿತರನ್ನು ಇರಿಸುವ ತಾಣಗಳಾದವು. ಅಲ್ಲಿ ಊಟವಿತ್ತು, ವೈದ್ಯರಿದ್ದರು. ಸಾರ್ವಜನಿಕ ಶೌಚಾಲಯಗಳನ್ನು ದಿನಕ್ಕೆ ಹಲವು ಬಾರಿ ಶುದ್ಧಗೊಳಿಸಲಾಯಿತು. ಈ ಸಲವೂ ನಗರದ ಪ್ರಾಣ ಪೌರಕಾರ್ಮಿಕರ ಕೈಯಲ್ಲಿತ್ತು. ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರನ್ನು ಮೆಚ್ಚುಗೆಯಿಂದ ಎತ್ತಿಹೇಳಿದರು. ಡಿಸೆಂಬರ್ 25ರಂದು, ಏಪ್ರಿಲಿನಿಂದೀಚೆಗೆ ಮೊತ್ತಮೊದಲ ಬಾರಿಗೆ, ಅಲ್ಲಿ ಹೊಸ ರೋಗಿ ಒಬ್ಬರೂ ಇರಲಿಲ್ಲ.

ಆದರೆ ಹೊಗಳಿಕೆಗೂ ತೂಕವಿರಬೇಕು. ಜುಲೈನಲ್ಲಿ ನೀತಿ ಆಯೋಗ, ಪಾಲಿಕೆ ಹಾಗೂ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸೇರಿ ನಗರದ ಬೇರೆ ಮೂರು ವಾರ್ಡುಗಳಲ್ಲಿ ರಕ್ತಪರೀಕ್ಷೆಯ ಸಮೀಕ್ಷೆ ನಡೆಸಿದವು. ಕೊಳೆಗೇರಿಗಳಲ್ಲಿ ನೂರಕ್ಕೆ 57 ಮಂದಿಗೆ, ಉಳಿದ ಬಡಾವಣೆಗಳಲ್ಲಿ ನೂರಕ್ಕೆ 16 ಮಂದಿಗೆ ಸೋಂಕು ತಗಲಿ ಹೋಗಿದ್ದುದು ಅದರಿಂದ ಕಂಡುಬಂದಿತು. ಎಂದರೆ, ಬಡವರ ಕೇರಿಗಳಲ್ಲಿ ರೋಗ ಲೆಕ್ಕಕ್ಕೆ ಸಿಕ್ಕದಷ್ಟು ವಿಸ್ತಾರವಾಗಿ ಹರಡಿತ್ತು. ಧಾರಾವಿಯ ಇಳಿಮುಖಕ್ಕೂ ಇದು ಸ್ವಲ್ಪ ಮಟ್ಟಿಗೆ ಕಾರಣವಾಗಿದ್ದಿರಬಹುದು. ಅಲ್ಲಿಂದ ದೊಡ್ಡ ಸಂಖ್ಯೆಯ ಕೂಲಿಗಾರರು ಊರಿಗೆ ಹೊರಟುಹೋಗಿದ್ದರೆಂಬುದನ್ನೂ ಮರೆಯಬಾರದು. ಪಾಲಿಕೆಯ ಖರೀದಿ, ಗುತ್ತಿಗೆಗಳ ಬಗ್ಗೆ ಆಮೇಲೆ ಆರೋಪಗಳೆದ್ದು ತನಿಖೆಗಳೂ ನಡೆದವು. ಇವನ್ನೆಲ್ಲ ಕಳೆದ ಮೇಲೆಯೂ ಉಳಿಯುವುದೊಂದಿದೆ: ಚಿಕಿತ್ಸೆಗೆ ಹೆದರಿ ಜನ ರೋಗಿಯನ್ನು ಬಚ್ಚಿಡುವ ಸ್ಥಿತಿ ಧಾರಾವಿಯಲ್ಲಿ 1896ರಂತೆ ಮರುಕಳಿಸಲಿಲ್ಲ.

2021ರ ಎರಡನೆಯ ಅಲೆ ಈ ಏರ್ಪಾಡನ್ನು ಮತ್ತೆ ಒರೆಗೆ ಹಚ್ಚಿತು. ಏಪ್ರಿಲ್ 16ರ ರಾತ್ರಿ ಪಾಲಿಕೆಯ ಆರು ಆಸ್ಪತ್ರೆಗಳಲ್ಲಿ ಆಮ್ಲಜನಕ ತೀರುತ್ತಿದೆಯೆಂದು ತಿಳಿದು 168 ರೋಗಿಗಳನ್ನು ರಾತ್ರೋರಾತ್ರಿ ಬೇರೆಡೆಗೆ ಸಾಗಿಸಲಾಯಿತು, ಒಬ್ಬರೂ ಸಾಯಲಿಲ್ಲ. ಆ ದಿನಗಳಲ್ಲಿ ದೇಶದ ಹಲವೆಡೆ ಜನ ಉಸಿರಿಗಾಗಿ ಪರದಾಡುತ್ತಿದ್ದರು. ಬೆಂಗಳೂರಿನಲ್ಲಿಯೂ ಹಾಸಿಗೆಗಾಗಿ ಬಂಧುಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಮೇ 5ರಂದು ಸರ್ವೋಚ್ಚ ನ್ಯಾಯಾಲಯವು ಮುಂಬಯಿಯ ಅನುಭವದಿಂದ ಕಲಿಯಬಹುದಾದುದನ್ನು ನೋಡುವಂತೆ ದೆಹಲಿಯ ಪ್ರಸಂಗದಲ್ಲಿ ಸೂಚಿಸಿತು.

ಇದರಿಂದ ನಾವು ತಿಳಿಯಬೇಕಾದುದೇನು? ಸರ್ಕಾರಗಳಲ್ಲಿ ಮನುಷ್ಯನಿಗೆ ಅತ್ಯಂತ ಸಮೀಪವಾದುದು ನಗರಪಾಲಿಕೆ. ನಮ್ಮ ನಲ್ಲಿಯ ನೀರು, ಚರಂಡಿ, ಹುಟ್ಟುಸಾವುಗಳ ದಾಖಲೆ ಎಲ್ಲವೂ ಅದರ ಕೈಯಲ್ಲಿವೆ. ಸುಭಿಕ್ಷದ ದಿನಗಳಲ್ಲಿ ನಾವು ಅದನ್ನು ಗೊಣಗುವುದಕ್ಕೆ ಮಾತ್ರ ನೆನೆಯುತ್ತೇವೆ. ಮಾರಿ ಬಂದ ದಿನ ನಮ್ಮ ಓಣಿಯ ಹೆಸರು ಗೊತ್ತಿರುವುದು ಅದಕ್ಕೆ ಮಾತ್ರ. ಆದರೆ ಓಣಿಯ ಪರಿಚಯ ಮಾರಿ ಬಂದ ದಿನ ಹುಟ್ಟುವುದಿಲ್ಲ. ಮುಂಬಯಿಯ ಪಾಲಿಕೆ ಪೀಳಿಗೆಗಳಿಂದ ತನ್ನವೇ ಆದ ಆಸ್ಪತ್ರೆಗಳನ್ನು ನಡೆಸಿಕೊಂಡು ಬಂದಿದೆ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಶಾಲೆ ನಡೆಸಿದೆ. ಪಾಲಿಕೆಯ ಶಾಲೆಯಲ್ಲಿ ತನ್ನ ನುಡಿಯಲ್ಲಿಯೇ ಅಕ್ಷರ ಕಲಿತವನು, ಅದರ ಆಸ್ಪತ್ರೆಯಲ್ಲಿ ಹೆರಿಗೆ ಕಂಡವಳು ಕಷ್ಟಕಾಲದಲ್ಲಿ ಅದರ ಮಾತಿಗೆ ಕಿವಿಗೊಡುವುದು ಸಹಜ. ಆ ಬಂಡವಾಳವನ್ನು ಕೂಡಿಡದ ನಗರವು ಕಷ್ಟಕಾಲದಲ್ಲಿ ಲಾಠಿಯನ್ನೇ ನಂಬಬೇಕಾಗುತ್ತದೆ.

ಅಂಟನ್ನು ತಡೆಯಲು ದೂರ ಬೇಕು, ನಿಜ. ಆದರೆ ದೂರವಿರೆಂದು ಹೇಳುವವರು ಮೊದಲು ಹತ್ತಿರದವರಾಗಿರಬೇಕು. ಮುಂದಿನ ಮಾರಿಗೆ ಇನ್ನೂ ಹೆಸರಿಲ್ಲ. ಅದು ಬರುವ ಮೊದಲು ನಮ್ಮ ನಮ್ಮ ವಾರ್ಡಿನ ಆರೋಗ್ಯ ಕೇಂದ್ರದ ಬಾಗಿಲು ತೆರೆದಿದೆಯೇ, ಅಲ್ಲಿ ದುಡಿಯುವವರಿಗೆ ಹೊಟ್ಟೆತುಂಬುವ ಸಂಬಳವಿದೆಯೇ ಎಂದು ನಾವು ವಿಚಾರಿಸಿಕೊಳ್ಳಬೇಕು.