ಬಾಗಿಲಲ್ಲಿ ನಿಂತ ಭಯ: ಎರಡನೇ ಭಾಗಕ್ಕೆ ಪ್ರೇಕ್ಷಕನ ತೀರ್ಪು

ತುಮಕೂರಿನಲ್ಲಾಗಲಿ, ಗುಬ್ಬಿ, ಕುಣಿಗಲ್‌ನಂಥ ತಾಲ್ಲೂಕು ಕೇಂದ್ರಗಳಲ್ಲಾಗಲಿ ಸಿನಿಮಾದ ಮೊದಲ ವಿಮರ್ಶೆ ಹೊರಬೀಳುವುದು ಚಿತ್ರಮಂದಿರದ ಗೇಟಿನಲ್ಲಿ. ಮಾರ್ನಿಂಗ್ ಶೋ ಮುಗಿಸಿ ಬಂದವನನ್ನು ಮ್ಯಾಟಿನಿಗೆ ಕಾದು ನಿಂತವನು ಕೇಳುತ್ತಾನೆ: ‘ಹೆಂಗೈತಣ್ಣಾ ಪಿಚ್ಚರು?’ ಅದು ಹೆದರಿಸುವ ಚಿತ್ರವೊಂದರ ಎರಡನೇ ಭಾಗವಾಗಿದ್ದರೆ ಉತ್ತರ ಬಹುಮಟ್ಟಿಗೆ ಮೊದಲೇ ಸಿದ್ಧವಾಗಿರುತ್ತದೆ: ‘ಮೊದಲ್ನೇದರಂಗಿಲ್ಲ.’ ಹೀಗೆ ಹೇಳಿದವನೇ ಮೂರನೇ ಭಾಗ ಬಂದಾಗ ಮತ್ತೆ ಟಿಕೆಟ್ ಕೊಳ್ಳುತ್ತಾನೆ.

ಇದು ಬರೀ ವಿರೋಧಾಭಾಸವಲ್ಲ. ಕಡಿಮೆ ಬಂಡವಾಳದ, ರಕ್ತ ಹರಿಯುವ ಚಿತ್ರಗಳ ಎರಡನೇ ಭಾಗದ ಬಗ್ಗೆ ಪ್ರೇಕ್ಷಕರು ಏನು ಹೇಳುತ್ತಾರೆ ಎಂಬುದನ್ನು ಗಮನಿಸಿದರೆ, ಅವರು ಅಳೆಯುತ್ತಿರುವುದು ಭಯವೊಂದನ್ನೇ ಅಲ್ಲ ಎಂಬುದು ತಿಳಿಯುತ್ತದೆ. ಮೊದಲ ಭಾಗ ತನ್ನನ್ನು ಯಾರ ಪರ ನಿಲ್ಲಿಸಿತ್ತು, ಎರಡನೆಯದು ಯಾರ ಪರ ನಿಲ್ಲಿಸಿತು ಎಂಬ ಲೆಕ್ಕವೂ ಅದರಲ್ಲಿ ಸೇರಿದೆ. ಕಥೆ ಕಟ್ಟುಕಥೆಯಾಗಿದ್ದಾಗ ಈ ಲೆಕ್ಕ ಹರಟೆಯಲ್ಲಿ ಮುಗಿಯುತ್ತದೆ. ನಡೆದ ಕೊಲೆಗಳನ್ನೇ ಆಧರಿಸಿದ್ದಾಗ ಹಾಗಾಗುವುದಿಲ್ಲ.

ಮುಖವಾಡವೇ ನಾಯಕ

ಮುಖವಾಡ ತೊಟ್ಟ ಅಥವಾ ಕತ್ತಲಲ್ಲಿ ಅಡಗಿದ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಚಾಕು, ಮಚ್ಚುಗಳಿಂದ ಕೊಲ್ಲುತ್ತಾ ಹೋಗುವ ಚಿತ್ರಗಳಿಗೆ ಇಂಗ್ಲಿಷಿನಲ್ಲಿ ‘ಸ್ಲ್ಯಾಶರ್’ ಎಂದು ಹೆಸರು. ಹಿಚ್‌ಕಾಕ್‌ನ ‘ಸೈಕೋ’ (1960) ಇದರ ಹಿರಿಯಜ್ಜ ಎನ್ನಬಹುದು. ಆ ಕಪ್ಪು ಬಿಳುಪು ಚಿತ್ರದಲ್ಲಿ ಬಚ್ಚಲಿನ ನೀರಿನೊಂದಿಗೆ ಹರಿದು ಹೋದ ರಕ್ತ ವಾಸ್ತವವಾಗಿ ಚಾಕೊಲೇಟ್ ಪಾಕ. 1978ರಲ್ಲಿ ಜಾನ್ ಕಾರ್ಪೆಂಟರ್ ‘ಹ್ಯಾಲೋವೀನ್’ ತೆಗೆದಾಗ ಖರ್ಚಾದದ್ದು ಸುಮಾರು 3 ಲಕ್ಷ 25 ಸಾವಿರ ಡಾಲರ್. ಕೊಲೆಗಾರನ ಮುಖವಾಡವನ್ನು ಅಂಗಡಿಯಿಂದ ಎರಡು ಡಾಲರ್‌ಗೂ ಕಡಿಮೆ ಬೆಲೆಗೆ ತಂದು ಬಿಳಿ ಬಣ್ಣ ಬಳಿಯಲಾಗಿತ್ತು. ಚಿತ್ರ ಗಳಿಸಿದ್ದು ಕೋಟಿಗಟ್ಟಲೆ ಡಾಲರ್. 1980ರಲ್ಲಿ ‘ಫ್ರೈಡೇ ದಿ ಥರ್ಟೀಂತ್’ ಅದೇ ದಾರಿ ಹಿಡಿಯಿತು. ಮರುವರ್ಷವೇ ಅದರ ಎರಡನೇ ಭಾಗ ಬಂತು. 2009ರ ಹೊತ್ತಿಗೆ ಆ ಸರಣಿಯಲ್ಲಿ ಒಟ್ಟು 12 ಚಿತ್ರಗಳಾಗಿದ್ದವು.

ಇಷ್ಟು ಬೇಗ ಎರಡನೇ ಭಾಗ ಬರಲು ಕಾರಣ ಸರಳ. ದೊಡ್ಡ ನಟನ ಡೇಟ್ಸ್‌ಗಾಗಿ ಕಾಯಬೇಕಿಲ್ಲ, ಏಕೆಂದರೆ ಇಲ್ಲಿ ಮುಖವಾಡವೇ ನಾಯಕ. ಸೆಟ್ ಹಾಕಬೇಕಿಲ್ಲ. ಒಂದು ಒಂಟಿ ಮನೆ, ಒಂದು ಕಾಡು, ಒಂದು ರಾತ್ರಿ ಸಾಕು. ಆದರೆ ಒಂದು ತೊಂದರೆ ಇದೆ. ಮೊದಲ ಭಾಗದ ಅರ್ಧ ಶಕ್ತಿ ‘ಕೊಲೆಗಾರ ಯಾರು?’ ಎಂಬ ಗುಟ್ಟಿನಲ್ಲಿರುತ್ತದೆ. ಆ ಗುಟ್ಟು ಬಯಲಾದ ಮೇಲೆ ಎರಡನೇ ಭಾಗ ಬೇರೆ ಏನನ್ನಾದರೂ ಹುಡುಕಲೇಬೇಕು. ‘ಫ್ರೈಡೇ’ಯ ಮೊದಲ ಭಾಗದಲ್ಲಿ ಕೊಲೆಗಾರ್ತಿ ಒಬ್ಬ ತಾಯಿ. ಎರಡನೆಯದರಲ್ಲಿ ಅವಳ ಮಗ ಜೇಸನ್ ಕೊಲೆಗಾರನಾದ. ಅವನ ಗುರುತಾಗಿ ಹೋದ ಹಾಕಿ ಆಟಗಾರರ ಮುಖವಾಡ ಬಂದದ್ದು 1982ರ ಮೂರನೇ ಭಾಗದಲ್ಲಿ. ಅಲ್ಲಿಂದ ಮುಂದೆ ಜನ ಚಿತ್ರಕ್ಕೆ ಹೋದದ್ದೇ ಅವನನ್ನು ನೋಡಲು.

ಎಲ್ಲ ದೇಶದ ಪ್ರೇಕ್ಷಕರ ದೂರುಗಳೂ ಇಲ್ಲಿ ಒಂದಾಗುತ್ತವೆ. ಕೊಲೆಗಾರ ಯಾರೆಂದು ಗೊತ್ತಿರುವುದರಿಂದ ಕುತೂಹಲವಿಲ್ಲ ಎಂಬುದು ಒಂದು. ರಕ್ತ ಹೆಚ್ಚಾಯಿತು, ಭಯ ಕಡಿಮೆಯಾಯಿತು ಎಂಬುದು ಇನ್ನೊಂದು. ಕೊಲ್ಲುವವನೇ ಹೀರೋ ಆಗಿಬಿಟ್ಟ ಎಂಬುದು ಮೂರನೆಯದು. ಅಮೆರಿಕದ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ 1980ರಲ್ಲಿಯೇ ತಮ್ಮ ಟಿ.ವಿ. ಕಾರ್ಯಕ್ರಮದಲ್ಲಿ ಇಂಥ ಚಿತ್ರಗಳನ್ನು ಖಂಡಿಸಿದ್ದರು. ಕ್ಯಾಮೆರಾ ಕೊಲೆಗಾರನ ಕಣ್ಣಾಗಿ, ಪ್ರೇಕ್ಷಕನನ್ನು ಹೆಣ್ಣಿನ ಬೇಟೆಗೆ ಜೊತೆಗಾರನನ್ನಾಗಿ ಮಾಡುತ್ತದೆ ಎಂಬುದು ಅವರ ಆಕ್ಷೇಪ. ವಿದ್ವಾಂಸೆ ಕ್ಯಾರಲ್ ಕ್ಲೋವರ್ 1992ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದಕ್ಕೆ ಬೇರೊಂದು ಮಗ್ಗುಲನ್ನು ತೋರಿಸಿದರು. ಆರಂಭದಲ್ಲಿ ಕೊಲೆಗಾರನ ಕಣ್ಣಿನಿಂದ ನೋಡುವ ಪ್ರೇಕ್ಷಕ ಕೊನೆಗೆ ಬದುಕಿ ಉಳಿಯುವ ಹುಡುಗಿಯ ಕಣ್ಣಿಗೆ ಬದಲಾಗುತ್ತಾನೆ ಎಂಬುದು ಅವರ ವಾದ.

ಗೊತ್ತಿದ್ದೂ ಹೆದರುವ ಸುಖ

ಗುಟ್ಟು ಗೊತ್ತಾದ ಮೇಲೆ ಭಯವಿಲ್ಲ ಎಂಬ ಮಾತನ್ನು ತುಮಕೂರು ಸೀಮೆ ಪೂರ್ತಿ ಒಪ್ಪಲಾರದು. ಗ್ರಾಮದೇವತೆಯ ಜಾತ್ರೆಯಲ್ಲಿ ಸೋಮನ ಕುಣಿತ ನೋಡಿದವರಿಗೆ ಕಾರಣ ತಿಳಿದಿದೆ. ಕೆಂಪು, ಹಳದಿ ಬಣ್ಣದ, ಕಣ್ಣು ಹೊರಚಾಚಿದ ಆ ದೊಡ್ಡ ಮುಖವಾಡದ ಒಳಗಿರುವವನು ಊರಿನವನೇ ಎಂಬುದು ಮಕ್ಕಳಿಗೂ ಗೊತ್ತು. ಆದರೂ ಸೋಮ ತಿರುಗಿ ನೋಡಿದರೆ ಓಡುತ್ತಾರೆ, ಅವನು ಮುಂದೆ ಹೋದರೆ ಹಿಂದೆಯೇ ಬರುತ್ತಾರೆ. ಮೂಡಲಪಾಯ ಬಯಲಾಟದ ರಾಕ್ಷಸ ಪಾತ್ರವೂ ಅಷ್ಟೇ. ಅವನ ಕೊನೆ ಏನೆಂಬುದು ಪುರಾಣ ಕೇಳಿದ ಎಲ್ಲರಿಗೂ ಗೊತ್ತಿದ್ದರೂ ಅವನ ಪ್ರವೇಶಕ್ಕಾಗಿ ಜನ ನಿದ್ದೆಗೆಟ್ಟು ಕಾಯುತ್ತಾರೆ.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಯಶಸ್ಸಿನಲ್ಲೂ ಇದೇ ಮನೋಧರ್ಮದ ಪಾಲಿದೆ. ವೀರಣ್ಣನವರು 1934ರಲ್ಲಿ ‘ಕುರುಕ್ಷೇತ್ರ’ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಾಗ, ಯುದ್ಧದಲ್ಲಿ ಗೆಲ್ಲುವವರು ಯಾರೆಂದು ತಿಳಿಯಲು ಟಿಕೆಟ್ ಕೊಂಡ ಪ್ರೇಕ್ಷಕ ಒಬ್ಬನೂ ಇರಲಿಲ್ಲ. ಏನಾಗುತ್ತದೆ ಎಂಬುದಕ್ಕಿಂತ ‘ಹೇಗೆ ಮಾಡಿದ್ದಾರೆ’ ಎಂಬುದೇ ಅವನಿಗೆ ಮುಖ್ಯವಾಗಿತ್ತು. ‘ಮೊದಲ್ನೇದರಂಗಿಲ್ಲ’ ಎನ್ನುತ್ತಲೇ ಎರಡನೆಯದನ್ನು ನೋಡುವ ಇಂದಿನವನು ಈ ಪ್ರೇಕ್ಷಕನ ಮೊಮ್ಮಗ.

ಬಾಗಿಲಿನ ಭಯ

ಕನ್ನಡ ಚಿತ್ರರಂಗದಲ್ಲಿ ಹೆದರಿಕೆಯ ಚಿತ್ರಗಳು ಹಿಂದಿನಿಂದಲೂ ಇವೆ. ಕಾಶೀನಾಥರ ‘ಅಪರಿಚಿತ’ (1978) ಕಡಿಮೆ ಖರ್ಚಿನಲ್ಲಿ ರಹಸ್ಯ ಕಟ್ಟುವುದು ಹೇಗೆಂದು ತೋರಿಸಿತು. ಅನಂತನಾಗ್, ಲಕ್ಷ್ಮಿ ಅಭಿನಯದ ‘ನಾ ನಿನ್ನ ಬಿಡಲಾರೆ’ (1979) ಒಂದು ಪೀಳಿಗೆಯನ್ನೇ ಹೆದರಿಸಿತು. ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ (1989), ಚಿತ್ರೀಕರಣ ತಂಡದ ನಡುವೆಯೇ ಕೊಲೆಗಳು ನಡೆಯುವ ಉಪೇಂದ್ರರ ‘ಶ್!’ (1993) ಆ ದಾರಿಯನ್ನು ಮುಂದುವರಿಸಿದವು. ಆದರೆ ಇವು ಒಂದೇ ಭಾಗದಲ್ಲಿ ಮುಗಿಯುವ ಕಥೆಗಳು. ಎರಡನೇ ಭಾಗವೆಂದರೆ ಮೊದಲು ನೆನಪಾಗುವುದು ‘ಆಪ್ತಮಿತ್ರ’ (2004) ಮತ್ತು ‘ಆಪ್ತರಕ್ಷಕ’ (2010). ಅವು ದೊಡ್ಡ ತಾರೆಯ, ದೊಡ್ಡ ಖರ್ಚಿನ ಚಿತ್ರಗಳು. ‘ಆಪ್ತರಕ್ಷಕ’ ತೆರೆ ಕಾಣುವ ಹೊತ್ತಿಗೆ ವಿಷ್ಣುವರ್ಧನ್ ತೀರಿಕೊಂಡಿದ್ದರಿಂದ ಅದನ್ನು ನೋಡಿದ ಅನೇಕರಿಗೆ ಭಯಕ್ಕಿಂತ ದುಃಖವೇ ದೊಡ್ಡದಾಗಿತ್ತು.

ಕಾಸು ಖರ್ಚಿಲ್ಲದ ಭಯಕ್ಕೆ ಕರ್ನಾಟಕದ್ದೇ ಒಂದು ಉದಾಹರಣೆ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲೂ ಹಳ್ಳಿಗಳಲ್ಲೂ ಮನೆ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ವದಂತಿ. ಒಂದು ಸೀಮೆಸುಣ್ಣದ ಚೂರಿನಲ್ಲಿ ಮುಗಿಯುವ ಭಯ ಇದು, ಪ್ರತಿ ರಾತ್ರಿಯೂ ಅದಕ್ಕೊಂದು ಎರಡನೇ ಭಾಗ! ಹಿಂದಿಯ ‘ಸ್ತ್ರೀ’ (2018) ಇದೇ ನಂಬಿಕೆಯಿಂದ ಪ್ರೇರಣೆ ಪಡೆಯಿತು. 2024ರಲ್ಲಿ ಬಂದ ಅದರ ಎರಡನೇ ಭಾಗ ಭಾರಿ ಗಳಿಕೆ ಮಾಡಿತು.

ಭಯ ಹುಟ್ಟುವ ಜಾಗ ಮನೆಯ ಬಾಗಿಲು ಎಂಬ ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ‘ದಂಡುಪಾಳ್ಯ’ ಅರ್ಥವಾಗುತ್ತದೆ.

‘ದಂಡುಪಾಳ್ಯ’: ಎರಡಾದ ಅಭಿಪ್ರಾಯ

ದಂಡುಪಾಳ್ಯ ಹೊಸಕೋಟೆ ಬಳಿಯ ಒಂದು ಊರು. 1990ರ ದಶಕದ ಕೊನೆಯ ಭಾಗದಲ್ಲಿ ದರೋಡೆ, ಕೊಲೆಗಳಿಂದ ಜನರನ್ನು ನಡುಗಿಸಿದ ತಂಡವೊಂದಕ್ಕೆ ಆ ಊರಿನ ಹೆಸರು ಅಂಟಿಕೊಂಡಿತು. ನ್ಯಾಯಾಲಯ ಆ ತಂಡದವರನ್ನು ಹಲವು ಪ್ರಕರಣಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನಿಸಿ ಮರಣದಂಡನೆಯನ್ನೂ ವಿಧಿಸಿತ್ತು. ಇದನ್ನು ಆಧರಿಸಿ ಶ್ರೀನಿವಾಸ ರಾಜು 2012ರಲ್ಲಿ ‘ದಂಡುಪಾಳ್ಯ’ ನಿರ್ದೇಶಿಸಿದರು. ‘ಮುಂಗಾರು ಮಳೆ’ಯ (2006) ನಾಯಕಿ ಪೂಜಾ ಗಾಂಧಿ ಇಲ್ಲಿ ಬೀಡಿ ಸೇದುವ ಕೊಲೆಗಾರ್ತಿ. ಮಕರಂದ ದೇಶಪಾಂಡೆ ತಂಡದ ಮುಖ್ಯಸ್ಥ, ಪಿ. ರವಿಶಂಕರ್ ಪೊಲೀಸ್ ಅಧಿಕಾರಿ. ‘ಎ’ ಪ್ರಮಾಣಪತ್ರ ಪಡೆದ ಈ ಚಿತ್ರವನ್ನು ಅಪರಾಧ ಚಿತ್ರವೆಂದು ಕರೆದರೂ, ಅದರ ನಡೆ ಸ್ಲ್ಯಾಶರ್ ಚಿತ್ರದ್ದೇ: ಒಂಟಿ ಮನೆ, ಬಾಗಿಲು ತಟ್ಟುವ ಸದ್ದು, ಕುಡಿಯಲು ನೀರು ಕೇಳುವ ಅಪರಿಚಿತ ಹೆಂಗಸು, ಆಮೇಲೆ ಕತ್ತಿ.

ಚಿತ್ರ ಗೆದ್ದಿತು. ಗುಬ್ಬಿ, ಕುಣಿಗಲ್ ಕಡೆಯ ಪ್ರೇಕ್ಷಕರಿಗೆ ಈ ಭಯ ಪರದೇಶದ್ದಲ್ಲ. ತೆಂಗಿನ ತೋಟಗಳ ನಡುವೆ, ಕೂಗಳತೆಯಲ್ಲಿ ಇನ್ನೊಂದು ಮನೆಯಿಲ್ಲದ ತೋಟದ ಮನೆಗಳ ಸೀಮೆ ಇದು. ಬಿಸಿಲಲ್ಲಿ ಬಂದವರು ಕೇಳಿದರೆ ಬೆಲ್ಲದ ಚೂರಿನೊಂದಿಗೆ ನೀರು ಕೊಡುವುದು ಇಲ್ಲಿನ ಮನೆಗಳ ವಾಡಿಕೆ. ಚಿತ್ರ ನೇರವಾಗಿ ಕೈಹಾಕಿದ್ದು ಆ ವಾಡಿಕೆಗೆ. ಜೇಸನ್‌ನ ಮುಖವಾಡ ನೋಡಿ ಹೆದರಿದವನು ಮನೆಗೆ ಬಂದು ಮರೆಯಬಹುದು. ‘ದಂಡುಪಾಳ್ಯ’ ನೋಡಿದವನು ಮನೆಗೆ ಬಂದು ಚಿಲಕ ನೋಡಿಕೊಂಡ. ಆ ಚಿಲಕದ ಹೊರಗೆ ಉಳಿದವರಲ್ಲಿ ಕೂಲಿ ಹುಡುಕಿ ಬಂದವರು, ಪಾತ್ರೆ ಮಾರುವವರು, ಊರೂರು ಅಲೆಯುವ ಬಡವರೂ ಇದ್ದರು.

2017ರ ಜುಲೈನಲ್ಲಿ ಅದೇ ನಿರ್ದೇಶಕರ ಎರಡನೇ ಭಾಗ ಬಂತು. ಬೆಂಗಳೂರು, ಕೋಲಾರ, ತುಮಕೂರು ಸೇರಿದ ಪ್ರದೇಶವನ್ನು ಗಾಂಧಿನಗರದ ಹಂಚಿಕೆದಾರರು ‘ಬಿಕೆಟಿ’ ಎಂದು ಕರೆಯುತ್ತಾರೆ. ನಿಜ ಘಟನೆಗಳ ನೆನಪು ಹತ್ತಿರದ್ದಾಗಿದ್ದುದೂ ಈ ಸೀಮೆಯಲ್ಲೇ. ಇನ್ನಷ್ಟು ಕೊಲೆ, ಇನ್ನಷ್ಟು ರಕ್ತ ನಿರೀಕ್ಷಿಸಿ ಹೋದವರಿಗೆ ಚಿತ್ರ ತಿರುವು ಕೊಟ್ಟಿತು. ಪತ್ರಕರ್ತೆಯೊಬ್ಬಳು ಜೈಲಿನಲ್ಲಿರುವ ತಂಡವನ್ನು ಕಾಣುತ್ತಾಳೆ. ಪೊಲೀಸರು ಚಿತ್ರಹಿಂಸೆ ಕೊಟ್ಟು ತಪ್ಪು ಒಪ್ಪಿಸಿದರು ಎಂಬುದು ತಂಡದವರ ಹೇಳಿಕೆ. ಮೊದಲ ಭಾಗದಲ್ಲಿ ಪ್ರೇಕ್ಷಕನ ಆಸರೆಯಾಗಿದ್ದ ಪೊಲೀಸ್ ಅಧಿಕಾರಿಯೇ ಇಲ್ಲಿ ಹೆದರಿಸುವವನಾಗಿ ನಿಂತ.

ಅಭಿಪ್ರಾಯ ಎರಡಾದದ್ದು ಇಲ್ಲಿ. ‘ಕೊಂದವರ ಮೇಲೆ ಕನಿಕರ ಬರೋ ಹಂಗೆ ತೆಗೆದವ್ರೆ, ಸತ್ತವರ ಮನೆಯವರು ಏನಂದ್ಕೋಬೇಕು?’ ಎಂಬುದು ಒಂದು ಕಡೆಯ ಮಾತು. ‘ಪೊಲೀಸ್ನೋರು ಹೇಳಿದ್ದೆಲ್ಲ ನಿಜ ಅಂತ ನಾವ್ಯಾಕೆ ನಂಬಿದ್ವಿ?’ ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಮೂರನೇ ಗುಂಪಿಗೆ ಇವೆರಡೂ ಬೇಕಿರಲಿಲ್ಲ. ಮೊದಲಿನಷ್ಟು ಹೆದರಿಸಲಿಲ್ಲ, ಕೊಟ್ಟ ಕಾಸು ದಂಡ ಎಂಬುದಷ್ಟೇ ಅವರ ತೀರ್ಪು.

ಮೂರಕ್ಕೂ ಕಾರಣಗಳಿವೆ. ಮೊದಲ ಗುಂಪು ನೆನೆಯುತ್ತಿದ್ದುದು ಸತ್ತವರನ್ನು. ಅದು ಕಟ್ಟುಕಥೆಯಲ್ಲ, ಕೋರ್ಟಿನಲ್ಲಿ ಸಾಕ್ಷ್ಯ ಕಂಡ ಸಾವು. ಎರಡನೇ ಗುಂಪಿನ ಸಂಶಯಕ್ಕೂ ಕಾನೂನಿನಲ್ಲೇ ಆಧಾರವಿದೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಆ ನಿಯಮವನ್ನು ಉಳಿಸಿಕೊಂಡಿದೆ. ಒದೆಗೆ ಹೆದರಿ ಮಾಡದ ತಪ್ಪನ್ನೂ ಒಪ್ಪಿಕೊಳ್ಳಬಹುದು ಎಂಬ ಅರಿವೇ ಈ ನಿಯಮದ ಬೇರು. ಹಾಗೆಂದು ಚಿತ್ರದಲ್ಲಿ ಪಾತ್ರವೊಂದು ಹೇಳಿದ್ದೆಲ್ಲ ನಿಜವಾಗುವುದಿಲ್ಲ. ಮೂರನೇ ಗುಂಪು ತಾನು ಕೊಟ್ಟ ದುಡ್ಡಿಗೆ ಒಪ್ಪಿಕೊಂಡ ಸರಕು ಭಯ, ಸಿಕ್ಕಿದ್ದು ಪ್ರಶ್ನೆ.

2018ರಲ್ಲಿ ಬಂದ ಮೂರನೇ ಭಾಗ ಮತ್ತೆ ತಂಡದ ಕೃತ್ಯಗಳ ಕಡೆಗೇ ತಿರುಗಿತು. ಹೀಗೆ ಆರು ವರ್ಷಗಳಲ್ಲಿ ಒಂದೇ ಪ್ರೇಕ್ಷಕ ಹೆದರಿ, ಸಂಶಯಪಟ್ಟು, ಮತ್ತೆ ಹೆದರಬೇಕಾಯಿತು. ನ್ಯಾಯಾಲಯದಲ್ಲಿ ಎರಡೂ ಕಡೆಯ ವಾದವನ್ನು ಒಂದೇ ನ್ಯಾಯಪೀಠ ಕೇಳುತ್ತದೆ. ಸಿನಿಮಾದಲ್ಲಿ ಒಂದು ಕಡೆಯ ವಾದ ಕೇಳಿ ಐದು ವರ್ಷ ಕಾದು ಇನ್ನೊಂದು ಕಡೆಯದನ್ನು ಕೇಳಬೇಕು. ಎರಡನೆಯದನ್ನು ನೋಡದವನ ಮನಸ್ಸಿನಲ್ಲಿ ಮೊದಲನೆಯದೇ ತೀರ್ಪಾಗಿ ಉಳಿಯುತ್ತದೆ.

ಗೇಟಿನ ಹೊರಗಿನ ಮಾತು

ವಿದೇಶಿ ಚಿತ್ರಗಳು ಈ ಚರ್ಚೆಯನ್ನೂ ಸರಕಾಗಿಸಿವೆ. ‘ಸ್ಕ್ರೀಮ್ 2’ (1997) ಚಿತ್ರದಲ್ಲಿ ಕಾಲೇಜು ವಿದ್ಯಾರ್ಥಿಗಳು ತರಗತಿಯಲ್ಲಿ ಕೂತು, ಎರಡನೇ ಭಾಗಗಳು ಮೊದಲನೆಯದಕ್ಕಿಂತ ಕೀಳೇ ಎಂದು ವಾದಿಸುತ್ತಾರೆ. ಆ ವಾದ ಅವರಿಗೆ ಆಟ. ಅವರ ಕೊಲೆಗಾರನಿಗೆ ಊರಿಲ್ಲ, ಜಾತಿಯಿಲ್ಲ, ಕೋರ್ಟ್ ಕಡತವಿಲ್ಲ.

ದಂಡುಪಾಳ್ಯ ಎಂಬುದು ಹಾಗಲ್ಲ. ಅದು ಬಸ್ಸಿನ ಫಲಕದ ಮೇಲೆ, ಪಡಿತರ ಚೀಟಿಯ ಮೇಲೆ ಇರಬೇಕಾದ ಹೆಸರು. ಕತ್ತಿ ಹಿಡಿಯದ ಅಲ್ಲಿನ ಜನ ಕೂಡ ‘ಯಾವೂರು?’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕು. ಸರಣಿಯ ಪ್ರತಿ ಹೊಸ ಭಾಗದೊಂದಿಗೆ ಆ ಹೆಸರು ಗೋಡೆಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರುತ್ತದೆ.

ಆದ್ದರಿಂದ ಗೇಟಿನ ಹೊರಗೆ ಕೇಳಿಬರುವ ‘ಮೊದಲ್ನೇದರಂಗಿಲ್ಲ’ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅದರಲ್ಲಿ ಭಯ ಸಾಲಲಿಲ್ಲವೆಂಬ ಬೇಸರ ಇರಬಹುದು. ಭಯಪಟ್ಟದ್ದು ಸರಿಯೇ ಎಂಬ ಅನುಮಾನವೂ ಇರಬಹುದು. ಮಧ್ಯಾಹ್ನದ ಬಿಸಿಲಲ್ಲಿ ತೋಟದ ಮನೆಯ ಮುಂದೆ ನಿಂತು ನೀರು ಕೇಳುವವಳಿಗೆ ಚೊಂಬು ಹೊರಬರುತ್ತದೆಯೋ, ಚಿಲಕ ಬೀಳುತ್ತದೆಯೋ ಎಂಬುದರಲ್ಲಿ ಈ ಎರಡಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ.